ಎಲ್‌ಎಲ್‌ಬಿ ಮಾಡ್ಲಾ, ಎಂಬಿಎ ಮಾಡ್ಲಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತುಮಕೂರಿನ ಕೋರ್ಟಿನಲ್ಲಿ ಹನ್ನೊಂದು ವರ್ಷದಿಂದ ವಕೀಲಿಕೆ ಮಾಡುತ್ತಿದ್ದೇನೆ. ನನ್ನ ತಮ್ಮ ಎಂಬಿಎ ಮುಗಿಸಿ ಹುಬ್ಬಳ್ಳಿಯಲ್ಲಿ ಒಂದು ಖಾಸಗಿ ಬ್ಯಾಂಕಿನಲ್ಲಿದ್ದಾನೆ. ಹಾಗಾಗಿ ಡಿಗ್ರಿ ಫಲಿತಾಂಶ ಬಂದ ಕೂಡಲೇ ನೆಂಟರ ಮಕ್ಕಳು, ಪಕ್ಕದ ಮನೆಯವರು, ಕೆಲವು ಸಲ ನನ್ನ ಕಕ್ಷಿದಾರರೇ ಮಗಳನ್ನೋ ಮಗನನ್ನೋ ಕರೆದುಕೊಂಡು ಬಂದು ಇದೇ ಪ್ರಶ್ನೆ ಕೇಳುತ್ತಾರೆ. ಪ್ರತಿ ಸಲ ಬಾಯಲ್ಲಿ ಹೇಳುವಾಗ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆದಿಟ್ಟೆ. ಬಿಎ, ಬಿಕಾಂ, ಬಿಎಸ್ಸಿ, ಬಿಬಿಎ ಮುಗಿಸಿ, ಮೂರು ವರ್ಷದ ಎಲ್‌ಎಲ್‌ಬಿಯೋ ಎರಡು ವರ್ಷದ ಎಂಬಿಎಯೋ ಅಂತ ತಲೆ ಕೆಡಿಸಿಕೊಂಡವರಿಗೆ ಇದು.

ಒಂದೇ ಮಾತಲ್ಲಿ ಹೇಳಿ, ಯಾವುದು ಒಳ್ಳೇದು?

ಎಂಬಿಎಯಲ್ಲಿ ಯಾವ ಕಾಲೇಜು ಅನ್ನುವುದೇ ಮುಕ್ಕಾಲು ಪಾಲು ತೀರ್ಮಾನ ಮಾಡಿಬಿಡುತ್ತದೆ. ಎಲ್‌ಎಲ್‌ಬಿಯಲ್ಲಿ ಹಾಗಲ್ಲ. ಅಲ್ಲಿ ಓದು ಮುಗಿದ ಮೇಲಿನ ಮೊದಲ ಐದು ವರ್ಷ ಯಾರ ಕೈಕೆಳಗೆ, ಯಾವ ಕೋರ್ಟಿನಲ್ಲಿ ಕಳೆಯುತ್ತೀರಿ ಅನ್ನುವುದು ಮುಖ್ಯ. ಅಂದರೆ ಎಂಬಿಎಗೆ ಸೇರುವ ಮೊದಲು ಕಷ್ಟಪಡಬೇಕು, ಎಲ್‌ಎಲ್‌ಬಿಗೆ ಮುಗಿಸಿದ ಮೇಲೆ ಕಷ್ಟಪಡಬೇಕು. ನಿಮ್ಮ ಮನೆಯ ಪರಿಸ್ಥಿತಿಗೆ ಯಾವ ಕಷ್ಟ ತಡೆಯುತ್ತದೆ ಅಂತ ಮೊದಲು ನೋಡಿ. ಮಿಕ್ಕ ಪ್ರಶ್ನೆಗಳೆಲ್ಲ ಆಮೇಲೆ.

ಯಾವುದರಲ್ಲಿ ದುಡ್ಡು ಜಾಸ್ತಿ?

ಮೊದಲ ಐದು ವರ್ಷದ ಮಾತಾದರೆ ಎಂಬಿಎ. ಇದರಲ್ಲಿ ಅನುಮಾನವೇ ಇಲ್ಲ.

ನಾನು ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಪಡೆದು ಸೀನಿಯರ್ ವಕೀಲರ ಹತ್ತಿರ ಸೇರಿದಾಗ ತಿಂಗಳಿಗೆ 4,000 ರೂಪಾಯಿ ಕೊಡುತ್ತಿದ್ದರು. ಬೆಳಗ್ಗೆ ಎಂಟಕ್ಕೆ ಆಫೀಸು ತೆಗೆಯಬೇಕು, ಅವತ್ತಿನ ಫೈಲುಗಳನ್ನು ಕೋರ್ಟ್ ಹಾಲ್ ಪ್ರಕಾರ ಜೋಡಿಸಬೇಕು, ಸೀನಿಯರ್ ಬೇರೆ ಹಾಲಿನಲ್ಲಿದ್ದರೆ ಓಡಿಹೋಗಿ ಪಾಸ್‌ಓವರ್, ಅಂದರೆ ಕೇಸನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆಯಿರಿ ಅಂತ, ಕೇಳಬೇಕು, ಸಂಜೆ ಡೈರಿಯಲ್ಲಿ ಮುಂದಿನ ವಾಯಿದೆಯ ದಿನಾಂಕ ಬರೆಯಬೇಕು. ಒಂದು ದಿನಾಂಕ ತಪ್ಪು ಬರೆದರೆ ಯಾರದೋ ದಾವೆ ಗೈರುಹಾಜರಿಗೆ ವಜಾ ಆಗಬಹುದು. ರೂಮಿನ ಬಾಡಿಗೆಯನ್ನು ಎರಡೂವರೆ ವರ್ಷ ಅಪ್ಪನೇ ಕಟ್ಟಿದರು. ಅವರು ಕಟ್ಟದಿದ್ದರೆ ನಾನು ಈ ವೃತ್ತಿಯಲ್ಲಿ ಉಳಿಯುತ್ತಿರಲಿಲ್ಲ. ನನ್ನ ಜೊತೆ ಸೇರಿದ ಐವರಲ್ಲಿ ಮೂವರು ಮೊದಲ ಎರಡು ವರ್ಷದಲ್ಲೇ ಬಿಟ್ಟುಹೋದರು, ಮೂವರೂ ಓದಿನಲ್ಲಿ ನನಗಿಂತ ಮುಂದಿದ್ದವರು.

ತಮ್ಮನಿಗೆ ಮೊದಲ ತಿಂಗಳೇ 31,000 ಕೈಗೆ ಬಂತು. ಆಫರ್ ಲೆಟರಿನಲ್ಲಿ ವರ್ಷಕ್ಕೆ 4.8 ಲಕ್ಷ ಅಂತಿತ್ತು. ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 40,000 ಅಂತ ಅಮ್ಮ ಲೆಕ್ಕ ಹಾಕಿದ್ದರು. ಪಿಎಫ್, ವಿಮೆ, ಟಾರ್ಗೆಟ್ ಮುಟ್ಟಿದರೆ ಮಾತ್ರ ಸಿಗುವ ವೇರಿಯಬಲ್ ಪೇ ಎಲ್ಲಾ ಸೇರಿದ್ದು ಆ 4.8 ಲಕ್ಷ. ಸಿಟಿಸಿ, ಅಂದರೆ ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚು, ಬೇರೆ, ಕೈಗೆ ಬರೋದು ಬೇರೆ. ಇದನ್ನು ಯಾವ ಕಾಲೇಜೂ ಸೇರಿಸಿಕೊಳ್ಳುವಾಗ ಹೇಳುವುದಿಲ್ಲ.

ಹತ್ತು ವರ್ಷ ಆದಮೇಲೆ ಚಿತ್ರ ಬದಲಾಗುತ್ತದೆ. ಸ್ವಂತ ಆಫೀಸು, ಸ್ವಂತ ಕಕ್ಷಿದಾರರು ಇರುವ ವಕೀಲರಿಗೆ ಆದಾಯಕ್ಕೆ ಮೇಲಿನ ಮಿತಿ ಇಲ್ಲ, ನಿವೃತ್ತಿಯೂ ಇಲ್ಲ. ಆದರೆ ಅಲ್ಲಿಯವರೆಗೆ ಉಳಿಯಬೇಕಲ್ವಾ. 2024ರ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಒಂದು ಸುತ್ತೋಲೆ ಹೊರಡಿಸಿತು. ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಪ್ರದೇಶದಲ್ಲಿ 15,000 ರೂಪಾಯಿ ಕೊಡಿ ಅಂತ ಅದರಲ್ಲಿತ್ತು. ಅದು ಬರೀ ಶಿಫಾರಸು, ಕಡ್ಡಾಯ ಅಲ್ಲ. ತಾಲೂಕು ಕೋರ್ಟುಗಳಲ್ಲಿ ಅಷ್ಟು ಕೊಡುವ ಸೀನಿಯರ್ ಅನ್ನು ನಾನಿನ್ನೂ ನೋಡಿಲ್ಲ. ಈ ವಿಷಯದಲ್ಲಿ ನನಗೆ ನಿಜವಾಗಿ ಸಿಟ್ಟಿದೆ, ಬಡವರ ಮನೆಯ ಮಕ್ಕಳು ವಕೀಲಿಕೆ ಬಿಡುವುದು ಬುದ್ಧಿ ಸಾಲದೆ ಅಲ್ಲ, ಬಾಡಿಗೆ ಕಟ್ಟಲಾಗದೆ.

ಓದಿಗೆ ಎಷ್ಟು ಖರ್ಚಾಗುತ್ತೆ? ಸಾಲ ಮಾಡಬಹುದಾ?

ಸರ್ಕಾರಿ ಅಥವಾ ಅನುದಾನಿತ ಕಾನೂನು ಕಾಲೇಜಿನಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಸಾವಿರಗಳ ಲೆಕ್ಕದಲ್ಲಿ ಮುಗಿಯುತ್ತದೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಎರಡು ವರ್ಷದ ಎಂಬಿಎಗೆ 20 ಲಕ್ಷ ದಾಟುತ್ತದೆ. ಇವೆರಡರ ನಡುವೆ ನೂರಾರು ಕಾಲೇಜುಗಳಿವೆ.

ಸಾಲದ ಲೆಕ್ಕವನ್ನು ಸುಮ್ನೆ ಮನಸ್ಸಲ್ಲಿ ಹಾಕಬೇಡಿ, ಪೇಪರಿನಲ್ಲಿ ಹಾಕಿ. 20 ಲಕ್ಷಕ್ಕೆ ಶೇ 10ರ ಬಡ್ಡಿಯಲ್ಲಿ 10 ವರ್ಷಕ್ಕೆ ತಿಂಗಳ ಕಂತು ಸುಮಾರು 26,400 ರೂಪಾಯಿ ಬರುತ್ತದೆ. ಅದರ ಮೇಲೆ ಓದುವಾಗಿನ ಎರಡು ವರ್ಷದ ಬಡ್ಡಿಯೂ ಸೇರುತ್ತದೆ. ಐಐಎಂನಿಂದ ಹೊರಬಂದವರಿಗೆ ಇದು ಹೊರೆಯಲ್ಲ. ಆದರೆ ತಿಂಗಳಿಗೆ 31,000 ಬರುವವನಿಗೆ 6 ಲಕ್ಷದ ಸಾಲವೇ ಭಾರ. ಏಳು ವರ್ಷದ ಅವಧಿ ಇಟ್ಟುಕೊಂಡರೂ ಹತ್ತಿರ ಹತ್ತಿರ 10,000 ಕಂತು. ತಮ್ಮ ಕಟ್ಟಿದ್ದು ಇಷ್ಟೇ, ಆ ಏಳು ವರ್ಷದಲ್ಲಿ ಕೆಲಸ ಬದಲಾಯಿಸುವ ಧೈರ್ಯ ಅವನಿಗೆ ಬರಲಿಲ್ಲ.

ವಕೀಲಿಕೆ ಮಾಡಬೇಕು ಅಂತ ದೊಡ್ಡ ಸಾಲ ಮಾಡಿ ಎಲ್‌ಎಲ್‌ಬಿ ಓದುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಕಂತು ಶುರುವಾಗುವ ಹೊತ್ತಿಗೆ ನಿಮಗೆ ಕಂತಿನಷ್ಟೂ ದುಡಿಮೆ ಇರುವುದಿಲ್ಲ.

ಪ್ರವೇಶ ಪರೀಕ್ಷೆ ಯಾವ್ಯಾವುದು? ಕ್ಲ್ಯಾಟ್ ಬರೀಬೇಕಾ?

ಡಿಗ್ರಿ ಆದವರಿಗೆ ಕ್ಲ್ಯಾಟ್ ಬೇಡ. ಅದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ, ಪಿಯುಸಿ ಆದಮೇಲೆ ಐದು ವರ್ಷದ ಕೋರ್ಸಿಗೆ ಸೇರುವವರದು, ಕಾನೂನಿನ ಸ್ನಾತಕೋತ್ತರ ಪದವಿ ಎಲ್‌ಎಲ್‌ಎಂಗೂ ಇದೆ. ಹುಬ್ಬಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಬರುವ ಹೆಚ್ಚಿನ ಕಾಲೇಜುಗಳಲ್ಲಿ ಮೂರು ವರ್ಷದ ಎಲ್‌ಎಲ್‌ಬಿಗೆ ಡಿಗ್ರಿ ಅಂಕದ ಮೇಲೇ ಸೀಟು ಸಿಗುತ್ತದೆ. ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟರಿಗೆ ಶೇ 40 ಇರಬೇಕು. ಬೆಂಗಳೂರು ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲೂ 2022ರಿಂದ ಮೂರು ವರ್ಷದ ಎಲ್‌ಎಲ್‌ಬಿ ಇದೆ, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಅದಕ್ಕೆ ಅವರದೇ ಎನ್‌ಎಲ್‌ಸ್ಯಾಟ್ ಪರೀಕ್ಷೆ, ಅದರಲ್ಲಿ ಬರೆದು ಉತ್ತರಿಸುವ ಭಾಗವೂ ಇರುತ್ತದೆ. ದೆಹಲಿ ವಿಶ್ವವಿದ್ಯಾಲಯಕ್ಕಾದರೆ ಸಿಯುಇಟಿ ಪಿಜಿ.

ಎಂಬಿಎ ಕಡೆ, ಐಐಎಂಗಳಿಗೆ ನವೆಂಬರ್ ಕೊನೆಯಲ್ಲಿ ಕ್ಯಾಟ್. ಮೂರು ಭಾಗ, ಪ್ರತಿ ಭಾಗಕ್ಕೆ 40 ನಿಮಿಷ, ಸರಿ ಉತ್ತರಕ್ಕೆ 3 ಅಂಕ, ಆಯ್ಕೆಯ ಪ್ರಶ್ನೆ ತಪ್ಪಾದರೆ 1 ಅಂಕ ಹೋಗುತ್ತದೆ. ರಾಜ್ಯದ ವಿಶ್ವವಿದ್ಯಾಲಯಗಳ ಮತ್ತು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳ ಸರ್ಕಾರಿ ಕೋಟಾ ಸೀಟಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಪಿಜಿಸಿಇಟಿ. ಖಾಸಗಿ ಕಾಲೇಜುಗಳಿಗೆ ಕೆಮ್ಯಾಟ್ ಇದೆ.

ಮನೆ ಹತ್ತಿರದ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಎಂಬಿಎ ಸೀಟು ಕೊಡ್ತೀವಿ, ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂತಿದ್ದಾರೆ. ಸೇರ್ಲಾ?

ತಮ್ಮನಿಗೂ ಹೀಗೇ ಹೇಳಿದ್ದರು. ಆ ನೂರರಲ್ಲಿ ಯಾರ್ಯಾರು ಸೇರಿದ್ದರು ಅಂತ ಆಮೇಲೆ ಗೊತ್ತಾಯಿತು. ಮನೆ ಮನೆ ಸುತ್ತಿ ಕ್ರೆಡಿಟ್ ಕಾರ್ಡ್ ಮಾರುವ ಕೆಲಸಕ್ಕೆ ಹೋದವರು, ಮೂರು ತಿಂಗಳ ಇಂಟರ್ನ್‌ಶಿಪ್ಪಿಗೆ ಹೋದವರು, ಅಪ್ಪನ ಅಂಗಡಿಗೆ ವಾಪಸ್ ಹೋದವರು ಎಲ್ಲರನ್ನೂ ಪ್ಲೇಸ್ ಆದವರ ಲೆಕ್ಕಕ್ಕೆ ಹಾಕಿದ್ದರು.

ನೀವು ಒಂದು ಕೆಲಸ ಮಾಡಿ. ಕಾಲೇಜಿನ ಪ್ಲೇಸ್‌ಮೆಂಟ್ ಪುಸ್ತಕ ಪಕ್ಕಕ್ಕಿಡಿ. ಲಿಂಕ್ಡ್‌ಇನ್‌ನಲ್ಲಿ ಆ ಕಾಲೇಜಿನ ಹೆಸರು ಹಾಕಿ, ಮೂರು ವರ್ಷದ ಹಿಂದೆ ಪಾಸಾದ ಹತ್ತು ಜನ ಈಗ ಏನು ಮಾಡುತ್ತಿದ್ದಾರೆ ಅಂತ ನೋಡಿ. ಇಬ್ಬರಿಗೆ ಮೆಸೇಜ್ ಹಾಕಿ, ಕೈಗೆ ಎಷ್ಟು ಬರುತ್ತೆ ಅಂತ ನೇರವಾಗಿ ಕೇಳಿ. ಕನ್ನಡದಲ್ಲಿ ಕೇಳಿದರೆ ಮನಸ್ಸು ಬಿಚ್ಚಿ ಹೇಳುತ್ತಾರೆ, ನಾನು ಮೂರು ನಾಲ್ಕು ಮಕ್ಕಳಿಗೆ ಹೀಗೆ ಕೇಳಿಸಿದ್ದೇನೆ. ಬಿಕಾಂ ಮಾತ್ರ ಆದವರಿಗೆ ಸಿಗುವ ಕೆಲಸವೇ ಅವರಿಗೂ ಸಿಕ್ಕಿದ್ದರೆ, ಆ ಎರಡು ವರ್ಷ ಮತ್ತು ಐದಾರು ಲಕ್ಷ ಯಾಕೆ? ಎರಡು ವರ್ಷ ಕೆಲಸ ಮಾಡಿ, ಅನುಭವ ಹಿಡಿದು ಕ್ಯಾಟ್ ಬರೆಯಿರಿ. ಒಳ್ಳೆಯ ಕಾಲೇಜುಗಳು ಅನುಭವಕ್ಕೆ ಬೆಲೆ ಕೊಡುತ್ತವೆ.

ಸಾರ್ವಜನಿಕ ವಿಶ್ವವಿದ್ಯಾಲಯಗಳ ಸ್ವಂತ ಎಂಬಿಎ ವಿಭಾಗಗಳನ್ನು ಮರೆಯಬೇಡಿ. ಮೈಸೂರಿನ ಬಹದ್ದೂರ್ ಸಂಸ್ಥೆ, ಧಾರವಾಡದ ಕೌಸಾಳಿ ಸಂಸ್ಥೆ ಇಂಥವು. ಶುಲ್ಕ ಕಮ್ಮಿ, ಹಳೇ ವಿದ್ಯಾರ್ಥಿಗಳ ಬಳಗ ದೊಡ್ಡದು.

ನಮ್ಮ ಮನೇಲಿ ಯಾರೂ ವಕೀಲರಿಲ್ಲ. ಕೋರ್ಟಿನಲ್ಲಿ ನಿಲ್ಲೋಕಾಗುತ್ತಾ?

ಆಗುತ್ತದೆ. ನಮ್ಮದು ತೆಂಗಿನ ತೋಟದ ಮನೆ, ವಂಶದಲ್ಲಿ ಕಪ್ಪು ಕೋಟು ಹಾಕಿದ ಮೊದಲನೆಯವನು ನಾನು. ವಕೀಲರ ಮಗನಿಗೆ ಅಪ್ಪನ ಆಫೀಸು, ಪುಸ್ತಕ, ಕಕ್ಷಿದಾರರು ಎಲ್ಲಾ ರೆಡಿ ಇರುತ್ತಾರೆ, ಆ ಅನುಕೂಲ ನಮಗಿಲ್ಲ. ಅದರ ಬದಲಿಗೆ ನಮಗೆ ಒಳ್ಳೆಯ ಸೀನಿಯರ್ ಬೇಕು. ಹೆಸರು ದೊಡ್ಡದಿರುವ ಸೀನಿಯರ್‌ಗಿಂತ ಸಾಕ್ಷಿ ವಿಚಾರಣೆ ಜಾಸ್ತಿ ನಡೆಸುವ ಸೀನಿಯರ್ ಹುಡುಕಿ. ಪಾಟೀಸವಾಲನ್ನು, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದನ್ನು, ಪುಸ್ತಕ ಓದಿ ಕಲಿಯಲಾಗದು, ಪಕ್ಕದಲ್ಲಿ ನಿಂತು ನೋಡಿಯೇ ಕಲಿಯಬೇಕು.

ನನಗೆ ಕಣ್ಣು ತೆರೆಸಿದ್ದು ಆಸ್ತಿಯಲ್ಲಿ ಪಾಲು ಕೇಳುವ ಒಂದು ಭಾಗದ ದಾವೆ. ಅಣ್ಣತಮ್ಮಂದಿರ ಜಗಳ, ಅಕ್ಕನಿಗೆ ಪಾಲಿಲ್ಲ ಅನ್ನುತ್ತಿದ್ದರು. ಸೀನಿಯರ್ ಆ ಫೈಲನ್ನು ನನ್ನ ಕೈಗೆ ಕೊಟ್ಟು, ಇಪ್ಪತ್ತು ವರ್ಷದ ಪಹಣಿ ತೆಗೆಸು ಅಂದರು. ತಾಲೂಕು ಕಚೇರಿಯಲ್ಲಿ ನಿಂತು ತೆಗೆಸಿ, ರಾತ್ರಿ ಕೂತು ಒಂದೊಂದು ಕಾಲಂ ಓದುತ್ತಾ ಹೋದಾಗ, ಒಂದು ವರ್ಷ ಇದ್ದಕ್ಕಿದ್ದಂತೆ ಖಾತೆ ಬದಲಾಗಿರುವುದು ಕಂಡಿತು. ಖಾತೆ ಬದಲಾವಣೆಯ ಮ್ಯುಟೇಶನ್ ಕಡತ ತರಿಸಿದರೆ ಅಕ್ಕನ ಸಹಿ ಇರಬೇಕಾದ ಜಾಗದಲ್ಲಿ ಹೆಬ್ಬೆಟ್ಟು. ಆಕೆ ಎಸ್ಸೆಸ್ಸೆಲ್ಸಿ ಓದಿದವರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈ ಥರದ ಹುಡುಕಾಟ ನಿಮಗೆ ಇಷ್ಟವಾದರೆ ವಕೀಲಿಕೆ ನಿಮ್ಮದು. ಪೇಪರು ಓದುವುದೇ ಬೇಜಾರು, ಜನರ ಜೊತೆ ಓಡಾಡಿ ಕೆಲಸ ಮುಗಿಸುವುದು ಇಷ್ಟ ಅನ್ನುವವರಿಗೆ ಎಂಬಿಎ ಹೊಂದುತ್ತದೆ. ನನ್ನ ತಮ್ಮ ಹಾಗೆಯೇ. ಒಂದು ಗಂಟೆ ಕೂತು ಓದು ಅಂದರೆ ಒದ್ದಾಡುತ್ತಾನೆ, ಹತ್ತು ಜನರನ್ನು ಒಟ್ಟು ಸೇರಿಸಿ ಒಂದು ಕೆಲಸ ಮಾಡಿಸು ಅಂದರೆ ಮಧ್ಯಾಹ್ನದೊಳಗೆ ಮಾಡಿಸುತ್ತಾನೆ.

ಇಂಗ್ಲಿಷ್ ಅಷ್ಟಕ್ಕಷ್ಟೇ. ಯಾವುದು ಸುಲಭ?

ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ತಾಲೂಕು, ಜಿಲ್ಲಾ ಕೋರ್ಟುಗಳಲ್ಲಿ ಸಾಕ್ಷಿ ಹೇಳುವುದು ಕನ್ನಡದಲ್ಲಿ, ಪಾಟೀಸವಾಲು ಕನ್ನಡದಲ್ಲಿ. ಅಲ್ಲಿ ಒಳ್ಳೆಯ ಕನ್ನಡವೇ ದೊಡ್ಡ ಬಲ. ಆದರೆ ಹೈಕೋರ್ಟು, ಅದರ ಧಾರವಾಡ ಮತ್ತು ಕಲಬುರಗಿ ಪೀಠಗಳಲ್ಲಿ ವ್ಯವಹಾರ ಇಂಗ್ಲಿಷಿನದು, ತೀರ್ಪುಗಳೂ ಇಂಗ್ಲಿಷಿನಲ್ಲೇ. ಓದಿ ಅರ್ಥ ಮಾಡಿಕೊಳ್ಳುವಷ್ಟಾದರೂ ಬೇಕೇ ಬೇಕು. ಎಂಬಿಎಯಲ್ಲಿ ಪಾಠ, ಗ್ರೂಪ್ ಡಿಸ್ಕಷನ್, ಸಂದರ್ಶನ ಎಲ್ಲಾ ಇಂಗ್ಲಿಷ್. ಬರಲ್ಲ ಅಂತ ಹಿಂದೆ ಸರಿಯಬೇಡಿ, ಎರಡು ವರ್ಷದಲ್ಲಿ ಕಲಿಯಬಹುದಾದ ವಿದ್ಯೆ ಅದು. ಆದರೆ ಮೊದಲ ದಿನದಿಂದಲೇ ಬಾಯಿ ತೆರೆಯಬೇಕಾಗುತ್ತದೆ.

ಕೆಲಸ ಮಾಡ್ತಾ ಎಲ್‌ಎಲ್‌ಬಿ ಓದಬಹುದಾ? ದೂರಶಿಕ್ಷಣ?

ದೂರಶಿಕ್ಷಣದ ಎಲ್‌ಎಲ್‌ಬಿಗೆ ಮಾನ್ಯತೆ ಇಲ್ಲ. ಯಾರಾದರೂ ಕೊಡಿಸ್ತೀವಿ ಅಂದರೆ ದುಡ್ಡು ಕೊಡಬೇಡಿ, ಆ ಸರ್ಟಿಫಿಕೇಟ್ ಇಟ್ಟುಕೊಂಡು ಸನ್ನದು ಸಿಗುವುದಿಲ್ಲ. ವಕೀಲರ ಪರಿಷತ್ತಿನ ನಿಯಮದಂತೆ ಶೇ 70 ಹಾಜರಿ ಬೇಕು, ತರಗತಿ ಬೆಳಗ್ಗೆ 8ರಿಂದ ಸಂಜೆ 7ರೊಳಗೆ ನಡೆಯಬೇಕು. ಎಂಬಿಎಯನ್ನು ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ದೂರಶಿಕ್ಷಣದಲ್ಲಿ ಮಾಡಬಹುದು. ಈಗಿರುವ ಕೆಲಸದಲ್ಲಿ ಬಡ್ತಿಗೆ ಅದು ಉಪಯೋಗ. ಹೊಸ ಕೆಲಸ ಕೊಡಿಸುತ್ತದೆ ಅಂತ ನಂಬಿ ಸೇರಬೇಡಿ.

ಎಲ್‌ಎಲ್‌ಬಿ ಮುಗಿದ ತಕ್ಷಣ ಕೋರ್ಟಿಗೆ ಹೋಗಬಹುದಾ?

ಮೊದಲು ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಇದಕ್ಕೆ ಮುಂಚೆ ಸಾವಿರಾರು ರೂಪಾಯಿ ಕೀಳುತ್ತಿದ್ದರು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಕಾಯ್ದೆಯಲ್ಲಿ ಇರುವ 750 ರೂಪಾಯಿಗಿಂತ ಜಾಸ್ತಿ ನೋಂದಣಿ ಶುಲ್ಕ ತೆಗೆದುಕೊಳ್ಳುವಂತಿಲ್ಲ ಅಂದಿತು. ಪರಿಶಿಷ್ಟರಿಗೆ 125. ಆಮೇಲೆ ಎರಡು ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು, ಅದಕ್ಕೆ ಟಿಪ್ಪಣಿ ಇಲ್ಲದ ಬೇರ್ ಆಕ್ಟ್, ಅಂದರೆ ಕಾಯ್ದೆಯ ಮೂಲ ಪಠ್ಯ ಮಾತ್ರ ಇರುವ ಪುಸ್ತಕ, ಒಯ್ಯಬಹುದು. ಹಳೇ ಐಪಿಸಿ ಪುಸ್ತಕ ಸೆಕೆಂಡ್ ಹ್ಯಾಂಡ್ ಸಿಕ್ಕಿತು ಅಂತ ಅದನ್ನೇ ನೆಚ್ಚಿಕೊಳ್ಳಬೇಡಿ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ.

ಜಡ್ಜ್ ಆಗಬೇಕು ಅಂತ ಆಸೆ. ಓದು ಮುಗಿಸಿ ನೇರ ಪರೀಕ್ಷೆ ಬರೀಬಹುದಾ?

2025ರ ಮೇ 20ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ ಸಿವಿಲ್ ಜಡ್ಜ್ ಹುದ್ದೆಗೆ ಮೂರು ವರ್ಷದ ವಕೀಲಿಕೆ ಕಡ್ಡಾಯ ಅಂದಿತು. ಅರ್ಜಿ ಹಾಕುವಾಗ ಹೈಕೋರ್ಟಿನ ಅಧಿಸೂಚನೆಯಲ್ಲಿ ಅರ್ಹತೆ ಏನಿದೆ ಅಂತ ಓದಿಕೊಳ್ಳಿ. ಆರಂಭದ ಮೂಲ ವೇತನ 77,840 ರೂಪಾಯಿ, ಭತ್ಯೆ ಬೇರೆ. ಹಳ್ಳಿ ಕಡೆಯಿಂದ ಬಂದ, ಬೆನ್ನಿಗೆ ಯಾರೂ ಇಲ್ಲದ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ದಾರಿ ಕಾನೂನಿನಲ್ಲಿ ಕಡಿಮೆ. ಆದರೆ ಆ ಮೂರು ವರ್ಷವನ್ನು ಬರೀ ಹಾಜರಿ ಥರ ಕಳೆಯಬೇಡಿ, ಪರೀಕ್ಷೆಯಲ್ಲಿ ತೀರ್ಪು ಬರೆಯಲು ಹೇಳಿದಾಗ ಗೊತ್ತಾಗುತ್ತದೆ.

ಹೆಣ್ಣುಮಗು, ಕೋರ್ಟು ಕಚೇರಿ ಬೇಡ, ಎಂಬಿಎ ಮಾಡಿಸೋಣ ಅಂತ ಮನೇಲಿ ಅಂತಿದ್ದಾರೆ.

ಮಂಜುಳಾ ಚೆಲ್ಲೂರ್ ಅವರು ಎಪ್ಪತ್ತರ ದಶಕದ ಕೊನೆಯಲ್ಲಿ ಬಳ್ಳಾರಿಯ ಕೋರ್ಟಿನಲ್ಲಿ ವಕೀಲಿಕೆ ಶುರು ಮಾಡಿದವರು. ಮುಂದೆ ಕೇರಳ, ಕಲ್ಕತ್ತ, ಬಾಂಬೆ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿ ಆದರು. ಬಿ.ವಿ. ನಾಗರತ್ನ ಅವರು ಬೆಂಗಳೂರಿನಲ್ಲಿ ವಕೀಲರಾಗಿದ್ದವರು, 2021ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಕಷ್ಟ ಇದೆ, ಇಲ್ಲ ಅನ್ನಲ್ಲ. ಸಣ್ಣ ಊರಿನ ಎಷ್ಟೋ ಕೋರ್ಟುಗಳಲ್ಲಿ ಮಹಿಳೆಯರಿಗೆ ಸರಿಯಾದ ಶೌಚಾಲಯ, ಕೂರುವ ಜಾಗ ಇಲ್ಲ. ಅದನ್ನು ಸರಿ ಮಾಡಿಸಬೇಕೇ ಹೊರತು ಮಗಳ ಓದು ನಿಲ್ಲಿಸುವುದಲ್ಲ. ಇನ್ನು ಎಂಬಿಎ ಅಂದರೆ ಎಸಿ ರೂಮು ಅಂತ ಅಮ್ಮಂದಿರು ತಿಳಿದಿದ್ದಾರೆ. ಬ್ಯಾಂಕಿನ ಸೇಲ್ಸ್ ಕೆಲಸದಲ್ಲಿ ಮಾರ್ಚ್ 31ರ ರಾತ್ರಿ ಹತ್ತಕ್ಕೆ ಯಾರು ಎಲ್ಲಿರುತ್ತಾರೆ ಅಂತ ನನ್ನ ತಮ್ಮನನ್ನು ಕೇಳಿ.

ನಮ್ಮದು ಅಂಗಡಿ ಇದೆ. ವಕೀಲನಾಗಿ ಅದನ್ನೂ ನೋಡಿಕೊಳ್ಳಬಹುದಾ?

ಇಲ್ಲ. ವಕೀಲಿಕೆ ಮಾಡುವವರು ಸ್ವತಃ ವ್ಯಾಪಾರ ನಡೆಸುವಂತಿಲ್ಲ, ಬಂಡವಾಳ ಹಾಕಿ ಸುಮ್ಮನಿರುವ ಪಾಲುದಾರ ಆಗಿರಬಹುದು ಅಷ್ಟೇ. ಪೂರ್ತಿ ಸಮಯದ ಸಂಬಳದ ಕೆಲಸಕ್ಕೆ ಸೇರಿದರೂ ಸನ್ನದನ್ನು ಅಮಾನತಿನಲ್ಲಿ ಇಡಿಸಬೇಕು. ನಿಮ್ಮ ಮನಸ್ಸು ಅಂಗಡಿ ಬೆಳೆಸುವುದರಲ್ಲಿದ್ದರೆ ಎಂಬಿಎಯೇ ಸರಿ.

ಕೋರ್ಟು ಬೇಡ, ಕಂಪನಿ ಕೆಲಸ ಬೇಕು, ಆದರೆ ಕಾನೂನು ಇಷ್ಟ.

ಇದೂ ಒಂದು ಒಳ್ಳೆಯ ದಾರಿ. ಬ್ಯಾಂಕುಗಳ ಕಾನೂನು ವಿಭಾಗ, ಕಂಪನಿಗಳ ಕರಾರು ನೋಡುವ ಕೆಲಸ, ಬಿಲ್ಡರ್‌ಗಳ ಹತ್ತಿರ ಆಸ್ತಿಯ ಕಾಗದಪತ್ರ ಪರಿಶೀಲಿಸುವ ಕೆಲಸ, ಇವಕ್ಕೆಲ್ಲ ಎಲ್‌ಎಲ್‌ಬಿ ಬೇಕು. ಬಿಕಾಂ ಆದವರು ಎಲ್‌ಎಲ್‌ಬಿ ಜೊತೆ ಕಂಪನಿ ಸೆಕ್ರೆಟರಿ ಪರೀಕ್ಷೆ ಮುಗಿಸಿಕೊಂಡರೆ ಬೆಂಗಳೂರಿನಲ್ಲಿ ಕೆಲಸಕ್ಕೆ ಅಲೆಯಬೇಕಾಗಿಲ್ಲ. ಎಲ್‌ಎಲ್‌ಬಿ, ಎಂಬಿಎ ಎರಡನ್ನೂ ಬೆನ್ನು ಬೆನ್ನಿಗೆ ಮಾಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಐದು ವರ್ಷ ಓದಿ ಹೊರಬಂದಾಗ ಎರಡರಲ್ಲೂ ನೀವು ಹೊಸಬರೇ.

ನನಗೀಗ 31. ತಡ ಆಯ್ತಾ?

ಎಲ್‌ಎಲ್‌ಬಿಗೆ ಇಲ್ಲ. ನಮ್ಮ ಕೋರ್ಟಿನಲ್ಲಿ ಬ್ಯಾಂಕಿನಿಂದ ನಿವೃತ್ತಿಯಾದಮೇಲೆ ಸನ್ನದು ಪಡೆದವರಿದ್ದಾರೆ. ಎರಡು ವರ್ಷದ ರೆಗ್ಯುಲರ್ ಎಂಬಿಎಗೆ ಸ್ವಲ್ಪ ತಡವೇ. ಕ್ಯಾಂಪಸ್ಸಿಗೆ ಬರುವ ಕಂಪನಿಗಳು ಇಪ್ಪತ್ತಮೂರರಿಂದ ಇಪ್ಪತ್ತೆಂಟರವರನ್ನೇ ಹುಡುಕುತ್ತವೆ.

ಡಿಗ್ರಿ ಮುಗಿಯೋಕೆ ಇನ್ನೂ ಒಂದು ವರ್ಷ ಇದೆ. ಈಗ ಏನು ಮಾಡಲಿ?

ಒಂದು ವಾರ ಬೇರೆ ಏನೂ ಬೇಡ. ಎರಡು ದಿನ ಸೇಲ್ಸ್ ಅಥವಾ ಬ್ಯಾಂಕಿನಲ್ಲಿರುವ ಪರಿಚಯದವರ ಜೊತೆ ಬೆಳಗ್ಗೆಯಿಂದ ಸಂಜೆವರೆಗೆ ಓಡಾಡಿ, ಅವರ ಫೋನಿಗೆ ಎಷ್ಟು ಕರೆ ಬರುತ್ತವೆ, ಅವರು ಹೇಗೆ ಮಾತಾಡುತ್ತಾರೆ ನೋಡಿ. ಮೂರು ದಿನ ನಿಮ್ಮೂರಿನ ಕೋರ್ಟಿಗೆ ಹೋಗಿ. ಯಾರ ಅಪ್ಪಣೆಯೂ ಬೇಕಿಲ್ಲ, ಸಾಮಾನ್ಯವಾಗಿ ಕೋರ್ಟ್ ಹಾಲು ಎಲ್ಲರಿಗೂ ತೆರೆದಿರುತ್ತದೆ. ಹೈಕೋರ್ಟಿನ ಕಲಾಪ ಯೂಟ್ಯೂಬಿನಲ್ಲೂ ಬರುತ್ತದೆ, ಆದರೆ ಮೊದಲು ಊರಿನದನ್ನು ನೋಡಿ. ಹನ್ನೊಂದಕ್ಕೆ ಸಾಲಾಗಿ ಕೇಸು ಕೂಗುತ್ತಾರೆ, ಆ ಗಡಿಬಿಡಿಯಲ್ಲಿ ಏನೂ ಅರ್ಥವಾಗುವುದಿಲ್ಲ, ಎದ್ದು ಬರಬೇಡಿ. ಕರೆದ ಕೇಸುಗಳೆಲ್ಲ ಮುಗಿದ ಮೇಲೆ ಸಾಕ್ಷಿ ಕಟಕಟೆ ಹತ್ತುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತು ಪೂರ್ತಿ ಕೇಳಿ. ತಿಳಿ ಬಣ್ಣದ ಶರ್ಟ್ ಹಾಕಿಕೊಂಡು ಹೋಗಿ, ಒಳಗೆ ಹೋಗುವಾಗ ಫೋನ್ ಸ್ವಿಚ್ ಆಫ್ ಮಾಡಿ.